ಡೊಳ್ಳಿನ ಹತ್ತಿರದ ಮೈಕು

ಮೈಕಿಗೆ ತೊಡಿಸುವ ಸ್ಪಂಜಿನ ವಾಸನೆ ಮೂಗಿಗೆ ಬಿದ್ದರೆ ಇಂದಿಗೂ ಗೋಕಾಕದ ಆ ಸ್ಟುಡಿಯೋ ನೆನಪಾಗುತ್ತದೆ.

ತನ್ನ ಡೊಳ್ಳು ಒಮ್ಮೆಯಾದರೂ ರೆಕಾರ್ಡ್ ಆಗಲೆಂದು ಕಲ್ಲೋಳಿಯಿಂದ ಬಂದಿದ್ದ ಅಪ್ಪ ಗಾಜಿನ ಆಚೆ ನಿಂತಿದ್ದ. ಈಚೆ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ್ದರು. ಪೆಟ್ಟುಗಳ ನಡುವೆ ಅವನ ಉಬ್ಬಸ ಕೇಳುತ್ತಿತ್ತು.

ರೆಕಾರ್ಡಿಂಗ್ ಮಾಡುವವರು ಮೈಕು ಸರಿಸಿ ಸರಿಸಿ ದಣಿದರು. "ದೂರ ಇಟ್ರ ಡೊಳ್ಳು ಮಂಕಾಗತೈತ್ರಿ ಕಾಕಾ. ಸನೇಕ ಇಟ್ರ ನಿಮ್ಮ ದಮ್ಮು ಕೇಳಸ್ತೈತಿ."

"ದಮ್ಮೂ ತಾಳದಾಗ ಐತೇಳ್ರಿ," ಎಂದು ಅಪ್ಪ ನಕ್ಕ.

ಬಾಗಿಲಲ್ಲಿ ನಿಂತಿದ್ದ ಅವ್ವ ನಗಲಿಲ್ಲ. "ಸಾಕ್ರಿ, ಮನಿಗಿ ಹೋಗೂಣು."

"ಸನೇಕ ಇಡ್ರಿ. ಉಸರು ಹಿಡದು ಬಾರಸ್ತೇನಿ," ಎಂದ ಅಪ್ಪ.

ಹಾಗೆಯೇ ಬಾರಿಸಿದ. ಹೆಡ್‌ಫೋನಿನಲ್ಲಿ ಬರೀ ಡೊಳ್ಳು. ಗಾಜಿನಾಚೆ ಅವನ ತುಟಿ ನೀಲಿಗಟ್ಟಿತ್ತು. "ಭಾಳ ಚಲೋ ಬಂತ್ರಿ," ಎಂದು ರೆಕಾರ್ಡಿಂಗಿನವರು ಉಬ್ಬಸ ಕೇಳುತ್ತಿದ್ದ ಹಿಂದಿನ ರೆಕಾರ್ಡಿಂಗುಗಳನ್ನೆಲ್ಲ ಅಳಿಸಿದರು.

ಅಪ್ಪ ಆ ಚಳಿಗಾಲ ದಾಟಲಿಲ್ಲ. ಅವ್ವ ಆ ರೆಕಾರ್ಡಿಂಗ್ ಹಚ್ಚಿದಾಗಲೆಲ್ಲ ಮೊಬೈಲನ್ನು ಕಿವಿಗೆ ಒತ್ತಿಕೊಂಡು, ಪೆಟ್ಟುಗಳ ನಡುವೆ ಏನನ್ನೋ ಹುಡುಕುತ್ತಿದ್ದಳು.