ಅಹವಾಲು ಸಭೆಯಲ್ಲಿ ನನ್ನ ಭಾಷಣ

ಸಿಮೆಂಟ್ ಕಾರ್ಖಾನೆಯ ಎರಡನೇ ಭಟ್ಟಿಗೆ ಊರವರ ಅಭಿಪ್ರಾಯ ಕೇಳಲು ಅಹವಾಲು ಸಭೆ ಕರೆದಿದ್ದರು. ಜನ ಸೆಕೆಗೆ ಎದ್ದುಹೋಗಬಾರದೆಂದು ಕಂಪನಿಯವರೇ ದೊಡ್ಡದೊಂದು ಕೂಲರ್ ತಂದು ಗಂಡಸರ ಕಡೆ ಇಟ್ಟಿದ್ದರು. ಹೆಂಗಸರ ಸಾಲಿನಲ್ಲಿ ಸೆರಗು, ದುಪಟ್ಟಾಗಳೇ ಬೀಸಣಿಗೆ.

“ಗಂಡಸರು ನೌಕರಿ ಆಸೆಕ್ಕ ಬಾಯಿ ಮುಚ್ಕೊಂಡಾರ,” ದುಂಡವ್ವ ಚಿಗವ್ವ ಮೊಣಕೈಯಿಂದ ನನ್ನನ್ನು ತಿವಿದಳು. “ಕಲ್ತಾಕಿ ನೀ ಒಬ್ಬಾಕಿ. ಭಟ್ಟಿ ಬ್ಯಾಡ ಅಂತ ನೀನೇ ಹೇಳಬೇಕು ನೋಡವ್ವ.”

ಇಂಥ ಭಟ್ಟಿಗಳಿಂದ ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ನಾನು ವಾರವಿಡೀ ಕನ್ನಡಿಯ ಮುಂದೆ ಭಾಷಣ ಮಾಡಿದ್ದೆ. ಕನ್ನಡಿ ಒಮ್ಮೆಯೂ ಎದುರು ಮಾತಾಡಿರಲಿಲ್ಲ.

ಮೈಕು ಕೈಗೆ ಬಂತು. ಇಡೀ ಊರು ನನ್ನತ್ತ ತಿರುಗಿತು. ಬಾಯಿಪಾಠ ಮಾಡಿದ್ದೆಲ್ಲ ಬೆವರಿನ ಜೊತೆ ಇಳಿದುಹೋಯಿತು.

“ಹೇಳ್ರಿ ತಂಗಿ, ನಿಮ್ಮದೇನು ತಕರಾರು?” ಅಧಿಕಾರಿ ಕೇಳಿದರು.

“ಸರ್... ಸೆಕಿ ಭಾಳ ಆಗ್ಯಾದ್ರಿ.”

“ಹಾಂ, ಶುರು ಮಾಡಿದ್ಳು,” ಚಿಗವ್ವ ಪಕ್ಕದವರಿಗೆ ಹೇಳಿದಳು.

“ಖರೆ ಅದ. ಅದಕ್ಕ ಏನ್ ಮಾಡಬೇಕಂತೀರಿ?” ಅಧಿಕಾರಿ ನನ್ನನ್ನೇ ಕೇಳಿದರು.

“ಆ ಕೂಲರ್ ಒಂಚೂರು ಈ ಕಡಿ ತಿರುಗಿಸ್ರಿ.”

ಮೊದಲು ಚಪ್ಪಾಳೆ ತಟ್ಟಿದವಳು ದುಂಡವ್ವ ಚಿಗವ್ವ.