ಮೂರನೇ ಟೇಕ್

"ಅಕ್ಕಾ, ಇನ್ನೊಂದೇ ಸಲ. ಬಾಗಿಲು ತೆಗೀರಿ, ಸುದ್ದಿ ಕೇಳಿದ ಹಾಗೆ ಅಳಿ," ಎಂದ ಸಾಕ್ಷ್ಯಚಿತ್ರದ ನಿರ್ದೇಶಕ, ಹೊಸ್ತಿಲಾಚೆ ಕ್ಯಾಮೆರಾ ಪಕ್ಕದಲ್ಲಿ ನಿಂತು. ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಸತ್ತವನ ಹೆಂಡತಿ ಆಗಲೇ ಎರಡು ಸಲ ಅತ್ತಿದ್ದಳು. ಮೊದಲ ಸಲ ನಿಜವಾಗಿಯೇ ಅತ್ತಳು. ಆದರೆ ಫ್ರಿಜ್ಜಿನ ಗುಂಯ್ ಸದ್ದು ಸೇರಿಕೊಂಡಿತೆಂದು ಸೌಂಡಿನವನು ಒಳಗೆ ಹೋಗಿ ಫ್ರಿಜ್ ಆಫ್ ಮಾಡಿದ. ಹೊರಡುವಾಗ ಮತ್ತೆ ಹಾಕಲು ಮರೆಯಬಾರದೆಂದು, ಕಸುಬಿನ ರೂಢಿಯಂತೆ, ವ್ಯಾನಿನ ಕೀಯನ್ನು ಫ್ರಿಜ್ಜಿನೊಳಗೇ ಇಟ್ಟ. ಎರಡನೇ ಸಲ ಅತ್ತಾಗ, "ಸ್ವಲ್ಪ ಕಡಿಮೆ ಆಯ್ತು," ಅಂದರು. ಅಳುವಿಗೂ ತಕ್ಕಡಿ ತಂದಿದ್ದರು.

"ಕಡಿಮೆ ಆಯ್ತಾ?" ಎಂದಷ್ಟೇ ಕೇಳಿ, ಕೆನ್ನೆ ಒರೆಸಿಕೊಂಡು, ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಆ್ಯಕ್ಷನ್," ಎಂದ ನಿರ್ದೇಶಕ. ಬಾಗಿಲು ತೆರೆಯಲಿಲ್ಲ. ಚಿಲಕ ಬಿದ್ದ ಸದ್ದು ಕೇಳಿಸಿತು.

"ಅಕ್ಕಾ, ಬೆಳಕು ಹೋಗುತ್ತೆ."

"ನನ್ನ ಗಂಡ ಸತ್ತಿದ್ದು ಒಂದೇ ಸಲ ಕಣಯ್ಯಾ," ಎಂದಿತು ಒಳಗಿನ ದನಿ. "ನಿಮಗೋಸ್ಕರ ಇನ್ನೆಷ್ಟು ಸಲ ಸಾಯಿಸ್ಲಿ?"

ನಿರ್ದೇಶಕನಿಗೆ ರೇಗಿತು. "ಕಟ್ಟಿ ಗಂಟು ಮೂಟೆ. ಅಲ್ಲಿ ಸತ್ತಿದ್ದು ಇವಳ ಗಂಡ ಒಬ್ನೇ ಏನು? ಇನ್ನೊಂದು ಮನೆಗೆ ನಡೀರಿ."

ಸೌಂಡಿನವನು ಕದಲಲಿಲ್ಲ. ಹೆಡ್‌ಫೋನ್ ಕಿವಿಗೊತ್ತಿಕೊಂಡು ಆಲಿಸುತ್ತಿದ್ದ.

"ಫ್ರಿಜ್ ಅವರೇ ಹಾಕ್ಕೊಂಡ್ರು ಸರ್," ಎಂದ ಮೆಲ್ಲಗೆ. "ವ್ಯಾನ್ ಕೀ ಅದರೊಳಗೇ ಇದೆ."