ಮಾಸ್ತರರ ಕಣ್ಣಿನ ದಾರ

ಗದಗಿನಲ್ಲಿ ಬಗಾಡೆ ಮಾಸ್ತರ್ ಅಂತ ಒಬ್ಬ ಟೇಲರ್. ವಯಸ್ಸು ಅರವತ್ತೆರಡು. ಹೊಲಿಗೆ ಚೆಂದ... ಬಾಯಿ ಮಾತ್ರ ಖಾರ!

ಅವರ ಎಡಗಣ್ಣು ಚಿಕ್ಕಂದಿನಿಂದಲೂ ಮಂಜು. ಬದುಕೆಲ್ಲ ನಡೆಯುತ್ತಿದ್ದುದು ಬಲಗಣ್ಣಿನ ಮೇಲೆ.

ಏಳು ವರ್ಷದ ಹಿಂದೆ ಆ ಕಣ್ಣಿಗೂ ಪೊರೆ ಬಂತು. ಆಪರೇಷನ್ ಮಾಡುವಾಗ ನೋಡಿದರೆ ಒಳಗೆ ಲೆನ್ಸ್ ಕೂರಲು ಆಸರೆಯೇ ಇಲ್ಲ... ಡಾಕ್ಟರು ಕೂದಲಿಗಿಂತ ತೆಳ್ಳಗಿನ ದಾರದಿಂದ ಲೆನ್ಸನ್ನು ಕಣ್ಣಿನೊಳಗೇ ಹೊಲಿದು ಕೂರಿಸಿದರು.

"ನನ್ನ ಹೊಲಿಗಿಕಿಂತ ಡಾಕ್ಟರ್ ಹೊಲಿಗಿ ಗಟ್ಟಿ ನೋಡ್ರಿ" ಎಂದು ಮಾಸ್ತರ್ ಗಿರಾಕಿಗಳ ಮುಂದೆ ಬೀಗುತ್ತಿದ್ದರು.

ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ಮರೆತರು. ಚೆನ್ನಾಗಿ ಕಾಣುತ್ತಿದೆಯಲ್ಲ, ಮತ್ಯಾಕೆ ಹೋಗಬೇಕು?

ಪ್ರತಿ ಮಂಗಳವಾರ ಸಾವಂತ್ರೆವ್ವ ಎಂಬ ಅಜ್ಜಿ ಅಂಗಡಿಗೆ ಬರುತ್ತಿದ್ದಳು. ಉಳಿದ ಚಿಂದಿ ಬಟ್ಟೆ ಒಯ್ದು ಕೌದಿ ಹೊಲಿಯುವುದು ಅವಳ ಕೆಲಸ.

ಒಮ್ಮೆ ಅವಳು ಕೌದಿಯ ಮೇಲೆ ಎದ್ದಿದ್ದ ದಾರವನ್ನು ಹಲ್ಲಿನಿಂದ ಕಡಿಯಲು ಹೋದಾಗ ಮಾಸ್ತರ್ ಗದರಿದ್ದರು... "ತುದಿ ಕಡದ್ರ ಒಳಗಿನ ಗಂಟ ಬಿಚ್ಚತೈತಿ! ಇಷ್ಟ ವಯಸ್ಸಾದ್ರೂ ತಿಳಿಯೂದಿಲ್ಲೇನು?"

ಅಜ್ಜಿ ಪಾಪ, ದಾರವನ್ನು ಹಾಗೇ ಬಿಟ್ಟು ಕೌದಿ ಮಡಚಿಕೊಂಡು ಹೋಗಿದ್ದಳು.

ಕಳೆದ ಚಳಿಗಾಲದಲ್ಲಿ ಮಾಸ್ತರರ ಬಲಗಣ್ಣು ಕೆಂಪಾಯಿತು. ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಧೂಳಿರಬೇಕು ಎಂದು ಮನೆಯಲ್ಲಿದ್ದ ಹಳೇ ಡ್ರಾಪ್ಸ್ ಹಾಕಿಕೊಂಡರು.

ಮೂರನೇ ದಿನ ನೋವು ಹೆಚ್ಚಾಯಿತು, ನೋಟ ತುಸು ಮಸುಕಾಯಿತು. ಅಂಗಡಿಯ ಕನ್ನಡಿಯ ಹತ್ತಿರ ಹೋಗಿ ರೆಪ್ಪೆ ಎತ್ತಿದರೆ... ಬಿಳಿಗುಡ್ಡೆಯ ಮೇಲೆ ಸಣ್ಣ ನೀಲಿ ದಾರದ ತುದಿ!

ಟೇಲರ್ ಅಲ್ಲವೇ? ದಾರ ಎದ್ದದ್ದು ಕಂಡರೆ ಕೈ ತಾನಾಗಿ ಕತ್ತರಿಗೆ ಹೋಗುತ್ತದೆ. ಸಣ್ಣ ಕತ್ತರಿ ತೆಗೆದು ಕಣ್ಣಿನ ಹತ್ತಿರ ತಂದೇಬಿಟ್ಟರು.

"ತಡೀರಿ ಮಾಸ್ತರ್ರ!"

ಚಿಂದಿಗೆಂದು ಬಂದಿದ್ದ ಸಾವಂತ್ರೆವ್ವ ಅವರ ಮಣಿಕಟ್ಟು ಹಿಡಿದಿದ್ದಳು. "ತುದಿ ಕಡದ್ರ ಒಳಗಿನ ಗಂಟ ಬಿಚ್ಚತೈತಿ ಅಂತ ನೀವ ಬೈದಿದ್ರಲ್ಲ ನನಗ?"

ಮಾಸ್ತರ್ ಕತ್ತರಿ ಕೆಳಗಿಟ್ಟರು. ಅಜ್ಜಿಯೇ ಆಟೋ ಕೂಗಿ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ನೋಡಿ ಹೇಳಿದರು... "ಹೊಲಿದ ದಾರ ಹೊರಗ ಬಂದದರೀ. ಅದನ್ನ ಹಿಡಕೊಂಡ ಸೋಂಕು ಒಳಗ ಇಳದದ. ಕತ್ತರಿಸಿದ್ರ ಲೆನ್ಸೇ ಜಾರಿ ಬೀಳತಿತ್ತು. ಇನ್ನೆರಡು ದಿನ ತಡಾ ಆಗಿದ್ರ ಕಣ್ಣ ಉಳಿಯೂದು ಕಷ್ಟ ಇತ್ತು."

ಕಣ್ಣಿನೊಳಗೆ ಇಂಜೆಕ್ಷನ್, ದಾರ ಮುಚ್ಚಲು ಒಂದು ಸಣ್ಣ ಆಪರೇಷನ್, ವಾರಗಟ್ಟಲೆ ಡ್ರಾಪ್ಸ್... ನೋಟ ನಿಧಾನವಾಗಿ ತಿಳಿಯಾಯಿತು.

ಮತ್ತೆ ಅಂಗಡಿ ತೆರೆದದ್ದು ಒಂದು ಮಂಗಳವಾರ. ಮಾಸ್ತರ್ ಮೊದಲು ಸೂಜಿಗೆ ದಾರ ಪೋಣಿಸಿದರು. ಒಂದೇ ಸಲಕ್ಕೆ ಹೋಯಿತು!

ಸಾವಂತ್ರೆವ್ವ ಎಂದಿನಂತೆ ಬಾಗಿಲ ಹೊರಗೆ ನಿಂತಿದ್ದಳು. ಮಾಸ್ತರ್ ಎದ್ದು ಹೋಗಿ ಅವಳನ್ನು ಒಳಗೆ ಕರೆತಂದು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಮಡಿಲಿಗೆ ಹೊಸ ಬಟ್ಟೆ ಇಟ್ಟರು.

"ಯವ್ವಾ, ನಾ ನಿನಗ ಬೈದಿದ್ದೆ... ನೀ ಅದನ್ನ ನೆನಪಿಟ್ಟು ನನ್ನ ಕಣ್ಣ ಉಳಿಸಿದಿ." ಖಾರದ ಬಾಯಿಯ ಮಾಸ್ತರ್ ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟರು.

ಅಜ್ಜಿ ನಕ್ಕಳು. "ಅಳಬ್ಯಾಡ್ರಿ, ಹಾಕಿದ ಔಷಧ ಹರದ ಹೋಗತೈತಿ! ಹೊಸಾ ಅರಿವಿ ನನಗ್ಯಾಕ? ಚಿಂದಿ ಕೊಡ್ರಿ, ಕೌದಿ ಅರ್ಧಕ್ಕ ನಿಂತೈತಿ."

ಮಾಸ್ತರರ ಮುಂದಿನ ಚೆಕಪ್ ತಾರೀಖು ಈಗ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದೆ.

ಊರಿಗೆಲ್ಲ ನಾವು ಹೇಳುವ ಬುದ್ಧಿಮಾತು ಮೊದಲು ಬೇಕಾಗಿರುವುದು ನಮಗೇ.

ಅಂದ ಹಾಗೆ... "ಏನೂ ಆಗಿಲ್ಲ ಬಿಡು" ಎಂದು ನೀವು ಮುಂದೂಡುತ್ತಲೇ ಬಂದಿರುವ ಚೆಕಪ್ ಯಾವುದು?